ಅಳಿವೆಯ ಹುಲ್ಲು, ಹುಣ್ಣಿಮೆಯ ನೀರು

ನನ್ನ ಜಾಗಕ್ಕೆ ಹೊಸದಾಗಿ ಸೇರಿದವರು ಮೊನ್ನೆ ಫೋನ್ ಮಾಡಿದ್ದರು. "ಮೇಡಂ, ಬಂದಾಗಿನಿಂದ ಬರೀ ಕೆಸರು. ಮುಂದೆಯೂ ಹೀಗೆಯೇ ಉಂಟಾ?" ಎಂದು ಕೇಳಿದರು. "ಹೌದು, ಹೀಗೆಯೇ" ಎಂದು ನಕ್ಕು ಫೋನ್ ಇಟ್ಟೆ. ಬನ್ನಂಜೆಯ ನನ್ನ ಮನೆಯ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ, ಅಷ್ಟು ಚಿಕ್ಕ ಉತ್ತರ ಕೊಡಬಾರದಿತ್ತು ಅನ್ನಿಸಿತು. ಆ ಕೆಸರಿನಲ್ಲಿ ನಾನು ಕಂಡದ್ದನ್ನು ಅವರಿಗೂ ಅವರಂಥವರಿಗೂ ಸ್ವಲ್ಪ ವಿವರವಾಗಿ ಹೇಳಬೇಕು.

ನನ್ನ ಹೆಸರು ಸುನಂದಾ. ಮಣಿಪಾಲದ ಒಂದು ಸಣ್ಣ ಜಲಪರೀಕ್ಷಾ ಕೇಂದ್ರದಲ್ಲಿ ಸಹಾಯಕಿಯಾಗಿ ಸೇರಿ ಅಲ್ಲಿಂದಲೇ ನಿವೃತ್ತಳಾದವಳು. ನಡುವೆ ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಪಿಂಚಣಿಯ ಕಾಗದಗಳಲ್ಲಿದೆ. ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಹುಟ್ಟಿದ್ದು ಪೆರ್ಡೂರಿನಲ್ಲಿ. ಕಡಲು ಅಂದರೆ ವರ್ಷಕ್ಕೊಮ್ಮೆ ಮಲ್ಪೆಗೆ ಹೋಗಿ ಕಾಲು ನೆನೆಸಿ ಬರುವುದು, ಅಷ್ಟೇ. ಕೆಲಸ ಸಿಕ್ಕಾಗ ಬಿಳಿ ಕೋಟು ಹಾಕಿಕೊಂಡು ಗಾಜಿನ ನಳಿಕೆಗಳ ಮಧ್ಯೆ ನಿಲ್ಲುವ ಕನಸು ಕಂಡಿದ್ದೆ. ಮೊದಲನೆಯ ವಾರವೇ ನಮ್ಮ ಮುಖ್ಯಸ್ಥರಾದ ನೇಮಿರಾಜ್ ಸರ್ ನನ್ನನ್ನು ಕಾಪು ಸಮೀಪದ ಒಂದು ಅಳಿವೆಗೆ ಕರೆದುಕೊಂಡು ಹೋದರು. ಹೊಳೆ ಕಡಲು ಸೇರುವ, ಸಿಹಿನೀರು ಉಪ್ಪುನೀರು ಬೆರೆಯುವ ಜಾಗ ಅದು. ನೀರು ಇಳಿದು ಕೆಸರಿನ ದಿಣ್ಣೆ ತೆರೆದುಕೊಂಡಿತ್ತು. ನಾನು ಚಪ್ಪಲಿಯಲ್ಲೇ ಇಳಿದೆ. ಮೊಣಕಾಲಿನವರೆಗೆ ಹೂತುಹೋದೆ. ಕಾಲನ್ನು ಎತ್ತಿದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಅದು ಈಗಲೂ ಅಲ್ಲೇ ಇರಬೇಕು.

"ಇಲ್ಲಿ ನೋಡಿ" ಎಂದು ಸರ್ ಬಗ್ಗಿ ಬೆರಳು ತೋರಿಸಿದರು. ನನಗೆ ಕೆಸರು ಬಿಟ್ಟು ಬೇರೇನೂ ಕಾಣಲಿಲ್ಲ. ಮುಖವನ್ನು ಹತ್ತಿರ ತಂದಾಗ, ಮೆಂತೆ ಮೊಳಕೆ ಬಂದ ಹಾಗೆ ಪುಟ್ಟ ಪುಟ್ಟ ಎಲೆಗಳು ಕಂಡವು. ಆಮೇಲೆ ತಲೆ ಎತ್ತಿ ನೋಡಿದರೆ ಇಡೀ ದಿಣ್ಣೆಯೇ ಹಸಿರು!

"ಪಾಚಿಯಾ ಸರ್?"

"ಪಾಚಿ ಅಲ್ಲ. ಬೇರು, ಎಲೆ, ಹೂ, ಬೀಜ ಎಲ್ಲ ಉಂಟು. ಭೂಮಿಯಿಂದ ಕಡಲಿಗೆ ವಾಪಸು ಹೋದ ಗಿಡ ಇದು. ಕಡಲಹುಲ್ಲು."

ಸಿಗಡಿ ಮರಿ, ಏಡಿ ಮರಿ, ಬೆರಳುದ್ದದ ಮೀನು ಎಲ್ಲವೂ ಆ ಹುಲ್ಲಿನ ನೆರಳಿನಲ್ಲಿ ಬೆಳೆಯುತ್ತವೆ ಎಂದು ಅವರು ಹೇಳಿದರು. ಕೆಸರನ್ನು ಬೇರಿನಿಂದ ಹಿಡಿದಿಡುತ್ತದೆ, ನೀರನ್ನು ತಿಳಿಯಾಗಿಸುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಸತ್ತುಹೋಗುತ್ತದೆ. ದೀಪಾವಳಿ ಕಳೆದು ನೀರು ಉಪ್ಪಾದ ಮೇಲೆ ಕೆಸರಿನಲ್ಲಿ ಅಡಗಿದ್ದ ಬೀಜದಿಂದ ಮತ್ತೆ ಚಿಗುರುತ್ತದೆ. ಆ ರಾತ್ರಿ ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ದನ ತಿನ್ನುತ್ತದಾ?" ಇಲ್ಲ ಅಂದೆ. "ಹಾಗಾದರೆ ಅದನ್ನು ನೋಡಲಿಕ್ಕೆ ನಿನಗೆ ಯಾಕೆ ಸಂಬಳ?" ಅಂದರು.

ನೇಮಿರಾಜ್ ಸರ್ ಕಾರ್ಕಳದ ಜೈನರು. ಸೂರ್ಯ ಮುಳುಗಿದ ಮೇಲೆ ಊಟ ಮಾಡದವರು. ಕೆಸರಿನ ಮಾದರಿ ತೆಗೆದರೆ ಅದರಲ್ಲಿ ಸಿಕ್ಕ ಹುಳು, ಬಸವನಹುಳು, ಚಿಪ್ಪುಗಳನ್ನು ಒಂದೊಂದಾಗಿ ಆರಿಸಿ ತೆಗೆದ ಜಾಗದಲ್ಲೇ ಬಿಡುವರು. ನಮಗೆ ಬಸ್ಸು ತಪ್ಪಿಹೋಗುವ ಚಿಂತೆ. ಅವರು ಮಾತ್ರ ನಿಧಾನವಾಗಿ, "ಅದರ ಮನೆ ಅದು. ನಾವು ಬಾಗಿಲು ಬಡಿಯದೆ ಬಂದವರು" ಎನ್ನುತ್ತಿದ್ದರು. ಗದರಿದ್ದನ್ನು ನಾನು ನೋಡಿಲ್ಲ. ಆದರೆ ಅಳತೆಯನ್ನು ಅಂದಾಜಿನಲ್ಲಿ ಬರೆದರೆ ಆ ಹಾಳೆಯನ್ನು ಏನೂ ಹೇಳದೆ ವಾಪಸು ಮೇಜಿನ ಮೇಲೆ ಇಡುವರು. ಅದು ಗದರಿದ್ದಕ್ಕಿಂತ ಕಷ್ಟ.

ಆಗ ಇಲಾಖೆಯ ಜೀಪು ಹೆಚ್ಚಿನ ದಿನ ಕೆಟ್ಟೇ ಇರುತ್ತಿತ್ತು. ನೀರಿನ ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲೇ ತರಬೇಕು. ಒಮ್ಮೆ ಕಾಪುವಿನಲ್ಲಿ ಹತ್ತಿದಾಗ ಕಂಡಕ್ಟರ್, "ಮೀನಿನ ಪೆಟ್ಟಿಗೆ ಹಿಂದೆ ಇಡಿ ಅಕ್ಕ, ವಾಸನೆ ಬರ್ತದೆ" ಎಂದ.

"ಮೀನಲ್ಲ, ನೀರು."

"ಎಂತ ನೀರು?"

"ಹೊಳೆಯದ್ದು."

ಅವನು ಪೆಟ್ಟಿಗೆಯನ್ನೂ ನನ್ನನ್ನೂ ಬಾರಿ ಬಾರಿ ನೋಡಿದ. "ಹೊಳೆ ನೀರಿಗೆ ಐಸ್ ಹಾಕಿ ಉಡುಪಿಗೆ ತೆಗೊಂಡು ಹೋಗ್ತೀರಾ? ಮಾರಾಯ್ರೇ, ಉಡುಪಿಯಲ್ಲಿ ನೀರಿಲ್ವಾ?" ಬಸ್ಸಿಡೀ ನಕ್ಕಿತು. ಆಮೇಲೆ ಅದೇ ಕಂಡಕ್ಟರ್ ಡ್ರೈವರನ ಪಕ್ಕದ ಜಾಗವನ್ನು ನನ್ನ ಪೆಟ್ಟಿಗೆಗೆ ಕಾದಿರಿಸುತ್ತಿದ್ದ.

ನಾನು ಸೇರಿ ಕೆಲವು ವರ್ಷಗಳಾದ ಮೇಲೆ ಆ ದಿಣ್ಣೆಯ ಬಣ್ಣ ಬದಲಾಯಿತು. ದೀಪಾವಳಿಯ ನಂತರ ಹುಲ್ಲು ಚಿಗುರಿತೇನೋ ಸರಿ, ಅದರ ಮೇಲೆ ಕೂದಲಿನಂಥ ಪಾಚಿ ಹಬ್ಬಿತು. ಎಲೆಯನ್ನು ಎರಡು ಬೆರಳಿನಲ್ಲಿ ಹಿಡಿದು ಸವರಿದರೆ ಲೋಳೆ. ನೀರಿಗೆ ಸಾರಜನಕ, ರಂಜಕದಂಥ ಪೋಷಕಾಂಶಗಳು ಅತಿಯಾಗಿ ಸೇರಿದಾಗ ಹೀಗಾಗುತ್ತದೆ. ಗದ್ದೆಗೆ ಹಾಕುವ ಗೊಬ್ಬರದಲ್ಲೂ ಮನುಷ್ಯರ ಮಲಮೂತ್ರದಲ್ಲೂ ಇರುವುದು ಅದೇ. ಪೋಷಕಾಂಶ ಹೆಚ್ಚಾದರೆ ಹುಲ್ಲು ಕೊಬ್ಬಬೇಕಲ್ಲವೇ ಎಂದು ನೀವು ಕೇಳಬಹುದು. ಹುಲ್ಲು ಬೆಳೆಯುವುದು ನಿಧಾನ, ಪಾಚಿಗೆ ಅವಸರ. ಪಾಚಿ ಮೊದಲು ಉಂಡು ಮೇಲೇರಿ ಬಿಸಿಲನ್ನು ಮುಚ್ಚಿಬಿಡುತ್ತದೆ. ಕೆಳಗಿನ ಹುಲ್ಲು ಕತ್ತಲೆಯಲ್ಲಿ ಸಾಯುತ್ತದೆ. ಮತ್ತೆ ಪಾಚಿಯೂ ಕೊಳೆತು, ದಿಣ್ಣೆಯಿಂದ ಕೊಳೆತ ಮೊಟ್ಟೆಯ ವಾಸನೆ ಬರಲು ಶುರು.

ಹೊಳೆಯ ಮೇಲ್ಭಾಗದಲ್ಲಿ ಒಬ್ಬರ ಸಿಗಡಿ ಕೆರೆಗಳಿದ್ದವು. ಊರಿನವರೆಲ್ಲ ಬೆರಳು ತೋರಿಸಿದ್ದು ಅತ್ತ. ನಮಗೂ ಸಂಶಯವಿರಲಿಲ್ಲ. ಕೆರೆಗಳ ಮೇಲಿನಿಂದಲೂ ಕೆಳಗಿನಿಂದಲೂ ನೀರು ತಂದು ಪರೀಕ್ಷೆ ಮಾಡಿದೆವು. ವ್ಯತ್ಯಾಸ ಸ್ವಲ್ಪವೇ. ಇನ್ನೂ ಕೆಳಗೆ, ಅಳಿವೆಗೆ ಹತ್ತಿರ, ಇದ್ದಕ್ಕಿದ್ದಂತೆ ಜಾಸ್ತಿ. ಆ ಭಾಗದಲ್ಲಿ ಕಾರ್ಖಾನೆ ಇಲ್ಲ, ಚರಂಡಿ ಇಲ್ಲ. ಹೊಳೆಗೂ ಕಡಲಿಗೂ ನಡುವೆ ಒಂದು ಹೊಯಿಗೆಯ, ಅಂದರೆ ಮರಳಿನ, ಪಟ್ಟಿ, ಅದರ ಮೇಲೆ ಮೀನುಗಾರರ ಮನೆಗಳು, ತೆಂಗಿನ ಮರಗಳು. ನಮ್ಮ ಬಾಟಲಿ ತೊಳೆದದ್ದು ಸರಿಯಿಲ್ಲವೇನೋ ಎಂದು ಮತ್ತೆ ಮತ್ತೆ ತೊಳೆದು ತಂದೆವು. ಫಲಿತಾಂಶ ಅದೇ.

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಆದೇಶ ಬಂತು: ಕಾರಣ ಆಮೇಲೆ ಹುಡುಕಿ, ಮೊದಲು ಹುಲ್ಲು ನೆಡಿ. ನೆಡುವ ಕೆಲಸವಾದರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. "ನೀರು ಕೊಳಕಿರುವಾಗ ನೆಟ್ಟರೆ ನಿಲ್ಲುವುದಿಲ್ಲ" ಎಂದು ಸರ್ ಬರೆದು ಕಳಿಸಿದರು. ಉತ್ತರ ಬರಲಿಲ್ಲ, ಬಂದದ್ದು ಬಿದಿರಿನ ಗೂಟಗಳು. ಬೇರೆ ಕಡೆಯಿಂದ ಹುಲ್ಲು ತಂದು, ಗೂಟಕ್ಕೆ ಕಟ್ಟಿ, ಸಾಲು ಸಾಲಾಗಿ ನೆಟ್ಟೆವು. ಅಧಿಕಾರಿಗಳು ಬಂದು ಪ್ಯಾಂಟು ಮಡಚಿ ಒಂದೊಂದು ನೆಟ್ಟು ಹೋದರು. ಚಿತ್ರ ಚೆನ್ನಾಗಿ ಬಂದಿತ್ತು. ಹುಲ್ಲೆಲ್ಲ ಬೇಸಿಗೆಗೆ ಮುಂಚೆಯೇ ಸತ್ತಿತು. ಉಳಿದದ್ದು ನೀರಿನಲ್ಲಿ ಮುಳುಗಿದ ಬಿದಿರಿನ ಚೂಪು ತುದಿಗಳು ಮಾತ್ರ.

ಆ ದಿಣ್ಣೆಯಲ್ಲಿ ಮರುವಾಯಿ ಹೆಕ್ಕುವ ಹೆಂಗಸರಿದ್ದರು. ಮರುವಾಯಿ ಅಂದರೆ ಕೆಸರಿನಲ್ಲಿ ಸಿಗುವ ಚಿಪ್ಪು, ನಮ್ಮ ಕಡೆ ಅದರ ಸುಕ್ಕ ಮಾಡುತ್ತಾರೆ. ಹುಣ್ಣಿಮೆಯ ದಿನ ಮಧ್ಯಾಹ್ನ ಎಲ್ಲಕ್ಕಿಂತ ಮೇಲೆ ಏರುವ ನೀರು ಬೆಳಗ್ಗಿನ ಹೊತ್ತು ಎಲ್ಲಕ್ಕಿಂತ ಕೆಳಗೆ ಇಳಿಯುವುದರಿಂದ ಅವರೂ ನಾವೂ ಬೆಳಿಗ್ಗೆಯೇ ಅಲ್ಲಿ. ಗೂಟಗಳನ್ನು ಕಿತ್ತು ತೆಗೆಯಲು ನಾವು ಹೋಗಿದ್ದ ದಿನವೇ ಗುಲಾಬಿಯಕ್ಕ ಎಂಬವರ ಪಾದಕ್ಕೆ ಒಂದು ಗೂಟ ಚುಚ್ಚಿತು. ನಲವತ್ತು ದಾಟಿದ ಗಟ್ಟಿ ಹೆಂಗಸು. ಕೂಗಲಿಲ್ಲ, ಅಲ್ಲೇ ಕುಳಿತು ಬುಟ್ಟಿಯನ್ನು ಪಕ್ಕಕ್ಕಿಟ್ಟು, "ನೆಟ್ಟವರು ಯಾರು, ಬನ್ನಿ ಇಲ್ಲಿ" ಎಂದರು. ಅವರ ಮಾತೆಲ್ಲ ತುಳು. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ನಾನು ಹೋದೆ. ರಿಕ್ಷಾ ಮಾಡಿ ಕಾಪುವಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ಹೊಲಿಗೆ, ಇಂಜೆಕ್ಷನ್ ಎಲ್ಲ ಮುಗಿಸಿ ಮನೆಗೆ ತಲುಪಿಸುವಾಗ ಮಧ್ಯಾಹ್ನ. ಹೊಯಿಗೆಯ ಪಟ್ಟಿಯ ಮೇಲೆ ಅವರದು ಹೊಳೆಯ ಬದಿಗಿನ ಮನೆ. ನೀರು ಏರಿ ಅಂಗಳದ ತೆಂಗಿನ ಬುಡಕ್ಕೆ ಬಂದಿತ್ತು. ಸೊಸೆ ಚಾ ಮಾಡಿ ಕೊಟ್ಟಳು. ಬೆಳಗ್ಗಿನಿಂದ ಕೆಸರಿನಲ್ಲಿದ್ದವಳು ನಾನು. ಸಂಕೋಚ ಬಿಟ್ಟು, ಪಾಯಿಖಾನೆ ಎಲ್ಲಿ ಎಂದು ಕೇಳಿದೆ.

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. "ಈಗ ಆಗುವುದಿಲ್ಲ ಮೇಡಂ" ಎಂದಳು ಸೊಸೆ. "ನೀರು ಇಳಿಯಬೇಕು."

"ಅಂದರೆ?"

"ಹುಣ್ಣಿಮೆಗೆ, ಅಮಾವಾಸ್ಯೆಗೆ ಹೀಗೆಯೇ" ಎಂದರು ಗುಲಾಬಿಯಕ್ಕ, ಕಟ್ಟು ಹಾಕಿದ ಕಾಲನ್ನು ಮಣೆಯ ಮೇಲೆ ಚಾಚಿ. "ಹೊಂಡ ತುಂಬಿ ಮೇಲೆ ಬರುತ್ತದೆ. ನಾನು ಮದುವೆಯಾಗಿ ಬಂದಾಗ ಹೀಗಿರಲಿಲ್ಲ. ಈಗ ಎಲ್ಲ ಮನೆಯಲ್ಲೂ ಇದೇ ಕಥೆ. ನೀರು ಇಳಿದ ಮೇಲೆ ತನ್ನಷ್ಟಕ್ಕೆ ಹೋಗುತ್ತದೆ."

ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಕಿಟಕಿಯಿಂದ ಹೊಳೆ ಕಾಣುತ್ತಿತ್ತು.

ಮರುದಿನ ಸರ್ ಅವರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ವರ್ಷಗಟ್ಟಲೆ ಆ ದಂಡೆಯಲ್ಲಿ ಓಡಾಡಿದ ಗಂಡಸರು ಯಾರೂ ಕೇಳಿರದ ಮಾತು, ಯಾವ ಹೆಂಗಸೂ ಅವರಿಗೆ ಹೇಳಿರದ ಮಾತು. ಆ ಹೊಯಿಗೆಯ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲು ಏರಿದರೆ ನೆಲದೊಳಗಿನ ನೀರೂ ಏರುತ್ತದೆ. ಒಂದು ಕಾಲದಲ್ಲಿ ಒಣ ಹೊಯಿಗೆಯಲ್ಲಿ ತೋಡಿದ ಹೊಂಡಗಳ ಬುಡ ಈಗ ನೀರಿನಲ್ಲಿ. ಇಂಗಿ ಸೋಸಿ ಹೋಗಬೇಕಾದದ್ದು, ನೀರು ಇಳಿಯುವಾಗ ಅದರ ಜೊತೆಗೇ ಹೊಳೆಗೆ ಸೋರುತ್ತಿದೆ. ದಂಡೆಯುದ್ದಕ್ಕೂ ಹೊಯಿಗೆಗೆ ಸಪೂರ ಕೊಳವೆ ಇಳಿಸಿ ನೀರು ತೆಗೆದು ನೋಡಿದೆವು. ಸಂಶಯ ಉಳಿಯಲಿಲ್ಲ. ಕಡಲು ಏರುವುದು ಬೇರೆ ಸಮಸ್ಯೆ, ನೀರು ಕೊಳಕಾಗುವುದು ಬೇರೆ ಸಮಸ್ಯೆ ಎಂದು ನಾವು ಎರಡು ಕಡತ ಮಾಡಿ ಇಟ್ಟಿದ್ದೆವು. ಗುಲಾಬಿಯಕ್ಕನ ಮನೆಯಲ್ಲಿ ಅವು ಒಂದೇ ಆಗಿದ್ದವು.

ವರದಿಯಲ್ಲಿ ಯಾವ ಮನೆಯ ಹೆಸರೂ ಇರಲಿಲ್ಲ. ಮೇಲಿನ ಕಚೇರಿಯ ಸಭೆಯಲ್ಲಿ ಒಬ್ಬ ಅಧಿಕಾರಿ ಅದನ್ನು ಮಡಚಿಟ್ಟು, "ಸರಿ, ಆ ಮನೆಗಳಿಗೆಲ್ಲ ನೋಟಿಸ್ ಕೊಡಿಸಿದರೆ ಮುಗಿಯಿತು" ಎಂದರು.

"ನೋಟಿಸ್ ಕೊಟ್ಟರೆ ಹೊಂಡದ ನೀರು ಇಳಿಯುತ್ತದಾ ಸರ್?" ಎಂದು ನೇಮಿರಾಜ್ ಸರ್ ಕೇಳಿದರು. ಸ್ವರ ಯಾವಾಗಿನಂತೆ ಮೆತ್ತಗೆ. ಅಧಿಕಾರಿ ಮುಂದಿನ ಕಡತ ತೆರೆದರು.

ಸಭೆಯ ಮಾತು ಊರಿಗೆ ನಮಗಿಂತ ಮೊದಲು ತಲುಪಿತು. ಸಿಗಡಿ ಕೆರೆಯವರು ಖುಷಿಯಿಂದ ಹಂಚಿದರಂತೆ, "ಹೊಳೆ ಕೆಡಿಸಿದ್ದು ನೀವೇ ಅಂತೆ" ಎಂದು. ಮುಂದಿನ ಸಲ ನಾನು ಹೋದಾಗ ಹೆಂಗಸರು ದಾರಿಗೆ ಅಡ್ಡ ನಿಂತಿದ್ದರು. ಗುಲಾಬಿಯಕ್ಕ ಮುಂದೆ.

"ನನ್ನ ಮನೆಯ ಚಾ ಕುಡಿದು ನನ್ನ ಮನೆಯ ಕಕ್ಕಸಿನ ಸುದ್ದಿ ಊರಿಗೆ ಹೇಳಿದೆ, ಅಲ್ವಾ?"

"ನಿಮ್ಮ ಮನೆಯ ಹೆಸರು ಎಲ್ಲಿಯೂ ಬರೆದಿಲ್ಲ ಅಕ್ಕ."

"ಬರೆಯಬೇಕಾ? ಇಷ್ಟು ವರ್ಷದಲ್ಲಿ ನೀನು ಬಂದದ್ದು ನನ್ನ ಮನೆಗೆ ಮಾತ್ರ."

ಅವರ ಸೊಸೆ ಹಿಂದೆ ನಿಂತು ನೆಲ ನೋಡುತ್ತಿದ್ದಳು, ಅವಳಿಗೆ ಆಗ ದಿನ ತುಂಬುತ್ತಿತ್ತು. ಐಸ್ ಪೆಟ್ಟಿಗೆಯನ್ನು ಖಾಲಿಯೇ ಹೊತ್ತು ವಾಪಸು ಬಂದೆ. ಬಸ್ಸಿನಲ್ಲಿ ಕುಳಿತಾಗ ಕಣ್ಣು ತುಂಬಿತು. ನೀವು ಈ ಕೆಲಸಕ್ಕೆ ಬಂದಾಗ ಯಾರಾದರೂ ನಿಮಗೆ ಹೇಳಲಿ: ನೀರಿನ ಬಾಟಲಿಯಲ್ಲಿ ತುಂಬಿ ತರುವುದು ಬರೀ ನೀರಲ್ಲ, ಜನರ ಮನೆಯ ಮಾನವೂ ಅದರಲ್ಲಿ ಇರುತ್ತದೆ.

ಮಗು ಹುಟ್ಟಿದ ಸುದ್ದಿ ಬೇರೆಯವರಿಂದ ತಿಳಿಯಿತು. ಆಮೇಲಿನ ಹುಣ್ಣಿಮೆಗೆ ಗುಲಾಬಿಯಕ್ಕ ತಾವಾಗಿಯೇ ಫೋನ್ ಮಾಡಿದರು.

"ನಿನ್ನ ಸರ್ ಅನ್ನು ಕರಕೊಂಡು ಬಾ. ಕಾಗದದಲ್ಲಿ ಬರೆದದ್ದು ಸಾಲದು, ಮೂಗಿಗೂ ಗೊತ್ತಾಗಲಿ."

ನಾವು ಹೋದೆವು. ಹೊಂಡದ ನೀರು ಬಚ್ಚಲಿನ ತನಕ ಬಂದಿತ್ತು. ಬಾಣಂತಿಯನ್ನು ಎತ್ತರದ ಜಾಗದಲ್ಲಿದ್ದ ನೆಂಟರ ಮನೆಗೆ ಕಳಿಸಿದ್ದರು. ಗುಲಾಬಿಯಕ್ಕ ತೋರಿಸಬೇಕಾದದ್ದನ್ನೆಲ್ಲ ತೋರಿಸಿ, ಕೊನೆಗೆ, "ಹೊಳೆಗೆ ಬಿಡಬೇಕು ಅಂತ ಯಾರಿಗಾದರೂ ಆಸೆ ಉಂಟಾ ಸರ್? ಆ ಹೊಳೆಯ ಮರುವಾಯಿ ತಿಂದೇ ಅಲ್ವಾ ನಾವು ಬದುಕುವುದು" ಎಂದರು.

ಸರ್ ಅಂಗಳಕ್ಕೆ ಇಳಿದು ಚಪ್ಪಲಿ ಮೆಟ್ಟಿಕೊಂಡರು. "ಪಂಚಾಯತ್‌ಗೆ ನೀವೆಲ್ಲ ಬರುತ್ತೀರಾದರೆ ನಾನೂ ಬರುತ್ತೇನಮ್ಮ" ಎಂದರು.

ಆ ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹೆಂಗಸರೆಲ್ಲ ಬಂದಿದ್ದರು. ಗಂಡಸರಲ್ಲಿ ಕೆಲವರು ನಾಚಿಕೆಯಿಂದ ಹೊರಗೇ ನಿಂತರು. ಸರ್ ಎದ್ದು, ಲೆಕ್ಕ ಪತ್ರ ಯಾವುದನ್ನೂ ತೆಗೆಯದೆ, "ಇದರಲ್ಲಿ ಈ ಮನೆಗಳ ತಪ್ಪಿಲ್ಲ. ಅವರು ಹೊಂಡ ತೋಡಿದಾಗ ಕಡಲು ಕೆಳಗಿತ್ತು" ಎಂದರು. ಗುಲಾಬಿಯಕ್ಕ ಅವರ ಕಡೆ ತಿರುಗಿ ನೋಡಿದ್ದನ್ನು ನಾನು ಮರೆತಿಲ್ಲ. ಅಲ್ಲಿಯವರೆಗೆ ಎಲ್ಲರೂ ಆ ಮನೆಯವರನ್ನು ತಪ್ಪಿತಸ್ಥರೆಂದೇ ಮಾತಾಡಿಸಿದ್ದರು.

ಕೆಲಸ ಕೂಡಲೇ ಆಗಲಿಲ್ಲ. ಅರ್ಜಿ, ಅನುಮತಿ, ಮಳೆಗಾಲ, ಚುನಾವಣೆ. ನೆಲದ ಮೇಲೆ ಎತ್ತರದ ಕಟ್ಟೆ ಕಟ್ಟಿ, ಸೋರದ ಟ್ಯಾಂಕುಗಳನ್ನು ಕೂರಿಸಿ, ತುಂಬಿದಾಗ ಲಾರಿ ಬಂದು ಹೀರಿಕೊಂಡು ಹೋಗುವ ವ್ಯವಸ್ಥೆ ಆಗುವಾಗ ಗುಲಾಬಿಯಕ್ಕನ ಮೊಮ್ಮಗು ಶಾಲೆಗೆ ಹೋಗುತ್ತಿತ್ತು. ಸಿಗಡಿ ಕೆರೆಯವರ ನೀರೂ ಪೂರ್ತಿ ಚೊಕ್ಕವೇನಲ್ಲ. ಅವರೂ ಹೊಳೆಗೆ ಬಿಡುವ ಮುಂಚೆ ನೀರನ್ನು ನಿಲ್ಲಿಸಿ ತಿಳಿಯಾಗಿಸುವ ಹೊಂಡ ಮಾಡಬೇಕಾಯಿತು. ನನ್ನನ್ನು ಮೇಡಂ ಎನ್ನುವುದನ್ನು ಆ ದಂಡೆಯವರು ಬಿಟ್ಟರು. ಗುಲಾಬಿಯಕ್ಕನಿಗೆ ನಾನು "ಸುನಂದಾ". ಮರುವಾಯಿ ಜಾಸ್ತಿ ಸಿಕ್ಕ ದಿನ ನನ್ನ ಐಸ್ ಪೆಟ್ಟಿಗೆಯಲ್ಲಿ ಬಾಟಲಿಗಳ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಚಿಪ್ಪು ಇರುತ್ತಿತ್ತು. ಸರ್ ಅದನ್ನು ನೋಡದ ಹಾಗೆ ಮುಖ ತಿರುಗಿಸುತ್ತಿದ್ದರು.

ಸರ್ ನಿವೃತ್ತರಾಗಿ ಕಾರ್ಕಳಕ್ಕೆ ಹೋದ ಮೇಲೆ ಹೊಸ ಯಂತ್ರಗಳು ಬಂದವು. ಮೊದಲೆಲ್ಲ ಕಪ್ಪು ಬಿಳಿ ಬಣ್ಣದ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿ, ಅದು ಕಣ್ಣಿಗೆ ಮಾಯವಾಗುವ ಆಳವನ್ನು ನೋಡಿ ನೀರು ಎಷ್ಟು ತಿಳಿ ಎಂದು ಹೇಳುತ್ತಿದ್ದೆವು. ಈಗ ಸಲಕರಣೆಯನ್ನು ಮುಳುಗಿಸಿದರೆ ಅಳತೆ ಮೊಬೈಲಿಗೇ ಬರುತ್ತದೆ. ಪೈಪಿನ ಚೌಕ ಇಟ್ಟು ಹುಲ್ಲು ಎಣಿಸುತ್ತಿದ್ದ ಕಡೆ ಡ್ರೋನ್ ಹಾರಿತು. ಅದು ಹಾರಿದ ಮೊದಲ ದಿನವೇ ಒಂದು ಗಿಡುಗ ಎಲ್ಲಿಂದಲೋ ಬಂದು ಎರಗಿ ಡ್ರೋನನ್ನು ನೀರಿಗೆ ಕೆಡವಿತು. ಹೆಂಗಸರು ಬುಟ್ಟಿ ಬಿಟ್ಟು ಚಪ್ಪಾಳೆ ತಟ್ಟಿದರು.

ಎರಡನೆಯ ಡ್ರೋನ್ ತೆಗೆದ ಚಿತ್ರ ನೋಡಿದಾಗ ಮಾತ್ರ ನಗು ಬರಲಿಲ್ಲ. ನೀರು ತಿಳಿಯಾಗಿತ್ತು, ಪಾಚಿ ಹೋಗಿತ್ತು. ಆದರೆ ಹಳೆಯ ದಿಣ್ಣೆಯಲ್ಲಿ ಹುಲ್ಲು ಇರಲಿಲ್ಲ. ಈ ಜಾತಿಯ ಹುಲ್ಲಿಗೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ನೀರು ಇಳಿದು ಬಿಸಿಲು ಬೀಳಬೇಕು. ಆ ದಿಣ್ಣೆ ಈಗ ಇಳಿತದಲ್ಲೂ ಹೆಚ್ಚಾಗಿ ನೀರಿನೊಳಗೇ. ಒಂದು ವರ್ಷದ ನೀರು ನೋಡಿ ಕಡಲು ಏರಿತು ಎನ್ನಬೇಡಿ ಎಂದು ಸರ್ ಕಲಿಸಿದ್ದರು. ನಾನು ನೋಡಿದ್ದು ಒಂದು ವರ್ಷವಲ್ಲ, ಒಂದು ಉದ್ಯೋಗದಷ್ಟು ಕಾಲ. ಆಳವಾದಂತೆ ಹುಲ್ಲು ದಂಡೆಯ ಕಡೆಗೆ, ಮೇಲಕ್ಕೆ, ಸರಿಯಬೇಕು. ದಂಡೆಯಲ್ಲಿ ಹೆಚ್ಚಿನ ಕಡೆ ಕಲ್ಲಿನ ತಡೆಗೋಡೆ. ಸರಿಯುವುದೆಲ್ಲಿಗೆ?

ಆಗ ನಮ್ಮ ಕಚೇರಿಗೆ ಲಾರೆನ್ಸ್ ಎಂಬವರು ಬಂದರು. ಮನೆಮಾತು ಕೊಂಕಣಿ, ಊರಿನವರಿಗೆಲ್ಲ ಅವರು "ಪೊರ್ಬುಗಳು". ನಮ್ಮಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಹಾಗೆ ಕರೆಯುತ್ತಾರೆ. ಗಲ್ಫಿನಲ್ಲಿ ದುಡಿದು, ತಾಯಿಯ ಗದ್ದೆ ಮಾಡಬೇಕು ಎಂದೇ ವಾಪಸು ಬಂದವರು. ಅವರ ಗದ್ದೆಗಳು ಗುಲಾಬಿಯಕ್ಕನ ಮನೆಯ ಎದುರು ದಂಡೆಯಲ್ಲಿ, ಮಣ್ಣಿನ ಕಟ್ಟದ ಹಿಂದೆ ಇದ್ದವು. ಪ್ರತಿ ವರ್ಷ ಕಟ್ಟ ಎತ್ತರಿಸಿದರೂ ಉಪ್ಪುನೀರು ದಾಟುತ್ತಿತ್ತು.

"ಕಲ್ಲಿನ ಗೋಡೆ ಬೇಕೇ ಬೇಕು ಅಂತ ನಿಮ್ಮ ಕಚೇರಿಯಿಂದ ಒಂದು ಮಾತು ಸಿಕ್ಕಿದ್ರೆ ನನ್ನ ಕೆಲಸ ಆಗ್ತದೆ ಮೇಡಂ."

ನೋಡದೆ ಹೇಳಲಾರೆ ಎಂದು ಅವರ ಜೊತೆ ಹೋದೆ. ಕಟ್ಟದ ಮೇಲೆ ನಡೆಯುವಾಗ ಹೊಳೆಯ ಕಡೆಯ ಬುಡದಲ್ಲಿ, ಅಂಗೈ ಅಗಲದ ಕೆಸರಿನಲ್ಲಿ, ಹುಲ್ಲು ಕಂಡಿತು. ತುಂಬಿದ ಬಸ್ಸಿನ ಬಾಗಿಲಲ್ಲಿ ನೇತುಬಿದ್ದವರ ಹಾಗೆ ಕಟ್ಟಕ್ಕೆ ಅಂಟಿಕೊಂಡಿತ್ತು. ಮುಂದೆ ಹೋಗಲು ಜಾಗವಿಲ್ಲ.

ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಗೋಡೆ ಕಟ್ಟಿದರೆ ಕೆಲವು ವರ್ಷ ಗದ್ದೆ ಉಳಿಯಬಹುದು. ಆ ಹುಲ್ಲು ಉಳಿಯುವುದಿಲ್ಲ. ಗೋಡೆಗೆ ಹೊಡೆದ ನೀರು ಎದುರು ದಂಡೆಯ ಮನೆಗಳ ಕಡೆ ತಿರುಗಬಹುದು.

"ಹಾಗಾದ್ರೆ ನಾನು ಎಂತ ಮಾಡ್ಬೇಕು, ನೀವೇ ಹೇಳಿ" ಎಂದರು.

"ಗದ್ದೆ ನಿಮ್ಮದು ಪೊರ್ಬುಗಳೇ. ನಾನು ಹೇಳಲಿಕ್ಕೆ ಆಗುವುದಿಲ್ಲ."

ಅವರಿಗೆ ಬೇಸರವಾಯಿತು. "ಹುಲ್ಲಿಗೆ ಇಷ್ಟು ಯೋಚನೆ ಮಾಡ್ತೀರಿ. ನನ್ನ ಅಮ್ಮ ಇಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡಿದ್ದು ಎಲ್ಲಿಯಾದ್ರೂ ಬರೆದದ್ದುಂಟಾ?" ಎಂದು ಕೇಳಿ ಮುಂದೆ ನಡೆದರು. ಪೆರ್ಡೂರಿನಲ್ಲಿ ಗದ್ದೆಯಂಚಿನಲ್ಲಿ ಬೆಳೆದವಳು ನಾನು. ಅವರ ಹಿಂದೆಯೇ ಕಟ್ಟದ ಮೇಲೆ ನಡೆದೆ.

ಆ ವರ್ಷ ಆಷಾಢದಲ್ಲಿ ಕಟ್ಟ ಒಡೆಯಿತು. ಕೆಳಗಿನ ಗದ್ದೆಯಲ್ಲಿ ಎದೆಮಟ್ಟ ನೀರು. ಸುದ್ದಿ ಕೇಳಿ ಹೋದಾಗ ಲಾರೆನ್ಸ್ ಕೊಡೆ ಹಿಡಿದು ಒಬ್ಬರೇ ನಿಂತಿದ್ದರು. ಎದುರು ದಂಡೆಯಲ್ಲಿ ಗುಲಾಬಿಯಕ್ಕನ ಮನೆಯವರು ಅಂಗಳಕ್ಕೆ ಹೊಯಿಗೆ ಚೀಲ ಪೇರಿಸುವುದು ಮಳೆಯ ನಡುವೆ ಮಸುಕಾಗಿ ಕಾಣುತ್ತಿತ್ತು. ಲಾರೆನ್ಸ್ ಅದನ್ನೇ ನೋಡುತ್ತಿದ್ದರು.

"ಗೋಡೆ ಇರ್ತಿದ್ರೆ ಈ ನೀರೆಲ್ಲ ಅವ್ರ ಒಳಗೆ ಹೋಗ್ತಿತ್ತಾ?"

"ಎಲ್ಲ ಅಲ್ಲ. ಸ್ವಲ್ಪ ಹೋಗುತ್ತಿತ್ತು."

ಮಳೆಗಾಲ ಮುಗಿದ ಮೇಲೆ ಅವರು ಕಟ್ಟವನ್ನು ಮತ್ತೆ ಕಟ್ಟಿಸಿದರು. ಆದರೆ ಹಳೆಯ ಜಾಗದಲ್ಲಲ್ಲ, ಕೆಳಗಿನ ಗದ್ದೆಯನ್ನು ಹೊರಗೆ ಬಿಟ್ಟು ಒಂದು ಗದ್ದೆಯಷ್ಟು ಹಿಂದೆ. ನಾನು ಕೇಳುವ ಮೊದಲೇ ಅವರೇ ಹೇಳಿದರು: "ಮೇಲಿನ ಗದ್ದೆಗಳನ್ನಾದರೂ ಉಳಿಸಿಕೊಳ್ತೇನೆ. ಇದು ಹೋಗ್ಲಿ. ಎಷ್ಟೂಂತ ಜಗಳ ಮಾಡುವುದು?" ಕಡಲಿಗೆ ಬಿಟ್ಟುಕೊಟ್ಟ ಆ ಗದ್ದೆಯ ಮೂಲೆಯಿಂದ ಒಂದು ಹಿಡಿ ಮಣ್ಣು ತೆಗೆದು ಮೇಲಿನ ಗದ್ದೆಗೆ ಹಾಕಿದರು. ನಾನು ಬೇರೆ ಕಡೆ ನೋಡಿದೆ.

ಅಲ್ಲಿ ನಾವು ಏನನ್ನೂ ನೆಡಲಿಲ್ಲ. ನೆಡಲು ಕೇಳಿದ ಮೇಲಿನ ಕಚೇರಿಗೆ, ಈ ಸಲ ಬೇಡ ಎಂದು ನಾನೇ ಗಟ್ಟಿಯಾಗಿ ಹೇಳಿದೆ. ನೀರು ದಿನಾ ಬಂದು ಹೋಗುತ್ತಿತ್ತು. ಒಂದು ಬೇಸಿಗೆ ಕಳೆಯಿತು, ಏನೂ ಇಲ್ಲ. ಇನ್ನೊಂದು ಮಳೆಗಾಲ ಹೋಯಿತು. ನನ್ನ ನಿವೃತ್ತಿ ಹತ್ತಿರ ಬಂತು. ಹುಲ್ಲು ಬಾರದೆಯೇ ನಾನು ಮನೆಗೆ ಹೋಗುತ್ತೇನೆ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಲಾರೆನ್ಸ್ ಫೋನ್ ಮಾಡಿದರು. "ನನ್ನ ಗದ್ದೆಯಲ್ಲಿ ಎಂತದೋ ಹಸಿರು ಕಾಣ್ತದೆ. ಪಾಚಿಯಾ ಅಂತ ಬಂದು ನೋಡಿ."

ಹೋಗಿ ಮುಖ ಹತ್ತಿರ ತಂದು ನೋಡಿದೆ. ಪಾಚಿಯಲ್ಲ. ಭತ್ತದ ಗದ್ದೆಯ ಹಳೆಯ ಬದುಗಳು ನೀರಿನಲ್ಲಿ ಕರಗಿ ಸ್ವಲ್ಪ ಸ್ವಲ್ಪ ಉಳಿದಿದ್ದವು. ಅವುಗಳ ನಡುವೆ, ಒಂದು ಕಾಲದಲ್ಲಿ ಪೈರಿದ್ದ ಕಡೆ, ಪುಟ್ಟ ಎಲೆಗಳ ಹಾಸು. ಯಾರು ನೆಟ್ಟದ್ದು ಎಂದು ಲಾರೆನ್ಸ್ ಕೇಳಿದರು. ಯಾರೂ ಇಲ್ಲ, ನೀರು ತಂದ ಬೀಜ ಎಂದೆ. ಇನ್ನೆಷ್ಟು ವರ್ಷ ಇರುತ್ತದೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಕಡಲು ಇನ್ನೂ ಏರಿದರೆ ಇದೂ ಮುಳುಗಬಹುದು; ಹೊಳೆ ಮತ್ತೆ ಕೆಟ್ಟರೆ ಮತ್ತೆ ಪಾಚಿ ಬರಬಹುದು. ನನ್ನ ಕೆಲಸ ಮುಗಿಯುವಾಗ ನನ್ನಲ್ಲಿದ್ದ ಉತ್ತರ ಅಷ್ಟೇ. ಅದನ್ನು ಅವರಿಗೂ ಮುಚ್ಚಿಡಲಿಲ್ಲ, ನಿಮಗೂ ಮುಚ್ಚಿಡುವುದಿಲ್ಲ.

ಅಷ್ಟು ಹೊತ್ತಿಗೆ ನೀರು ಪೂರ್ತಿ ಇಳಿದಿತ್ತು. ಗುಲಾಬಿಯಕ್ಕ ಇನ್ನಿಬ್ಬರು ಹೆಂಗಸರ ಜೊತೆ ದೋಣಿಯಲ್ಲಿ ಈ ದಂಡೆಗೆ ಬಂದರು. ಕೆಸರಿದ್ದ ಕಡೆ ಮರುವಾಯಿ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದು ಇನ್ನೊಬ್ಬರ ಗದ್ದೆ. ಒಡೆದ ಕಟ್ಟದ ಬಳಿ ಬುಟ್ಟಿ ಹಿಡಿದು ನಿಂತು ಕೂಗಿದರು:

"ಪೊರ್ಬುಗಳೇ, ನಿಮ್ಮ ಗದ್ದೆಗೆ ಇಳಿಯಬಹುದಾ?"

"ಕಡಲಿಗೆ ಕೊಟ್ಟಾಗಿದೆ ಮಾರಾಯ್ತಿ, ನನ್ನ ಹತ್ರ ಎಂತ ಕೇಳುವುದು? ಬನ್ನಿ, ಬನ್ನಿ" ಎಂದು ಲಾರೆನ್ಸ್ ಕೈ ಬೀಸಿದರು.

ಹೆಂಗಸರು ಸೀರೆ ಎತ್ತಿ ಕಟ್ಟಿ ನೇರ ನಡುವಿಗೇ ಕಾಲಿಟ್ಟರು. ಲಾರೆನ್ಸ್ ಒಮ್ಮೆಲೇ ಎರಡೂ ಕೈ ಮೇಲೆತ್ತಿದರು. ನಾಟಿಯ ದಿನ ನೇಜಿಯನ್ನು, ಅಂದರೆ ಭತ್ತದ ಎಳೆಯ ಸಸಿಯನ್ನು, ತುಳಿಯಲು ಹೊರಟವರನ್ನು ಬೇಸಾಯಗಾರ ಹೇಗೆ ಗದರುತ್ತಾನೋ ಹಾಗೆಯೇ, ಅದೇ ಸ್ವರದಲ್ಲಿ ಕೂಗಿದರು:

"ಏ, ಬದುವಿನ ಮೇಲೆ ಬನ್ನಿ, ಬದುವಿನ ಮೇಲೆ! ನೇಜಿ ಉಂಟು ಅಲ್ಲಿ!"